ಅಲಂಕಾರದ ಹೆಸರು ಬರೆದಾಯ್ತು, ಮುಂದೆ?

ಹೈಸ್ಕೂಲಿನ ಕನ್ನಡ ಉತ್ತರ ಪತ್ರಿಕೆ ತಿದ್ದುವವರಿಗೆ ಒಂದು ಮಾದರಿ ಉತ್ತರ ಕಣ್ಣಿಗೆ ಕಟ್ಟಿದಂತಿರುತ್ತದೆ. 'ಇದು ಉಪಮಾಲಂಕಾರ. ಉಪಮೇಯ ಇಂಥದ್ದು, ಉಪಮಾನ ಇಂಥದ್ದು, ಉಪಮಾವಾಚಕ ಅಂತೆ.' ಅದರ ಕೆಳಗೆ ಕಂಠಪಾಠ ಮಾಡಿದ ಲಕ್ಷಣ. ಎಲ್ಲ ಸರಿ. ಅಂಕ ಕೊಡದೆ ವಿಧಿಯಿಲ್ಲ. ಅದೇ ಮಗು ಮುಂದಿನ ಪುಟದಲ್ಲಿ 'ಪದ್ಯದ ಸ್ವಾರಸ್ಯ ಬರೆಯಿರಿ' ಎಂಬ ಪ್ರಶ್ನೆಗೆ ಬಂದಾಗ 'ಕವಿಯು ಬಹಳ ಸುಂದರವಾಗಿ ವರ್ಣಿಸಿದ್ದಾರೆ' ಎಂದು ಬರೆದು ನಿಲ್ಲುತ್ತದೆ. ವ್ಯಾಕರಣದ ಪುಟದಲ್ಲಿ ಕಲಿತ ಅಲಂಕಾರ ಪದ್ಯದ ಪುಟಕ್ಕೆ ಬರುವುದೇ ಇಲ್ಲ.

ತಪ್ಪು ಮಕ್ಕಳದ್ದಲ್ಲ. ನಾವು ಅಲಂಕಾರವನ್ನು ಗುರುತಿಸಲು ಕಲಿಸುತ್ತೇವೆ, ಅದನ್ನು ಬಳಸಿ ಓದಲು ಕಲಿಸುವುದಿಲ್ಲ. ಹೆಸರು ಹೇಳುವುದು ಅರ್ಧ ಕೆಲಸವೂ ಅಲ್ಲ. ಹೆಸರು ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಬೇಕು: ಕವಿ ಇದನ್ನು ಬಿಟ್ಟು ಬೇರೆ ಏನಾದರೂ ಬರೆದಿದ್ದರೆ ಏನು ಕಳೆದುಹೋಗುತ್ತಿತ್ತು? ತರಗತಿಯಲ್ಲಿ ನಾನು ಇದನ್ನು 'ಬದಲಿಸಿ ನೋಡು' ಎನ್ನುತ್ತೇನೆ. ಪದ ಬದಲಿಸಿ ನೋಡು, ಹೋಲಿಕೆ ಬದಲಿಸಿ ನೋಡು, ಸಾಲು ಮುರಿಯುವ ಜಾಗ ಬದಲಿಸಿ ನೋಡು. ಬದಲಿಸಿದಾಗ ಎಲ್ಲಿ ನೋವಾಗುತ್ತದೋ ಅಲ್ಲಿ ಸ್ವಾರಸ್ಯ ಇದೆ.

ಉಪಮೆಯಿಂದಲೇ ಶುರು ಮಾಡೋಣ. ಪಾಠಕ್ಕೆಂದು ನಾನೇ ಕಟ್ಟಿದ ಒಂದು ಸಾಲು ಇದು:

ಅಜ್ಜಿಯ ನಗು ಹಳೆಯ ಹಂಚಿನ ಮೇಲಿನ ಬಿಸಿಲಿನಂತೆ ಹರಡಿತು.

ಉಪಮೆಗೆ ನಾಲ್ಕು ಅಂಗ. ಯಾವುದನ್ನು ಹೋಲಿಸುತ್ತೇವೆಯೋ ಅದು ಉಪಮೇಯ, ಇಲ್ಲಿ ಅಜ್ಜಿಯ ನಗು. ಯಾವುದಕ್ಕೆ ಹೋಲಿಸುತ್ತೇವೆಯೋ ಅದು ಉಪಮಾನ, ಇಲ್ಲಿ ಹಂಚಿನ ಮೇಲಿನ ಬಿಸಿಲು. 'ಅಂತೆ' ವಾಚಕ ಪದ. ಎರಡಕ್ಕೂ ಸೇರಿದ ಗುಣ ಅಥವಾ ಕೆಲಸ ಸಮಾನಧರ್ಮ, ಇಲ್ಲಿ ಹರಡುವುದು. ನಾಲ್ಕೂ ಇದ್ದರೆ ಪೂರ್ಣೋಪಮೆ. ಒಂದೋ ಎರಡೋ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಇಷ್ಟು ಎಲ್ಲರಿಗೂ ಗೊತ್ತು.

ಈಗ ಬದಲಿಸಿ ನೋಡಿ. 'ಅಜ್ಜಿಯ ನಗು ಮಲ್ಲಿಗೆಯಂತೆ ಅರಳಿತು.' ಇದೂ ಪೂರ್ಣೋಪಮೆಯೇ. ಪರೀಕ್ಷೆಯಲ್ಲಿ ಎರಡಕ್ಕೂ ಅಷ್ಟೇ ಅಂಕ. ಆದರೆ ಮಲ್ಲಿಗೆ ಬಂದ ಕೂಡಲೇ ಅಜ್ಜಿಗೆ ವಯಸ್ಸೇ ಇಲ್ಲದಂತಾಯಿತು. ಆ ನಗು ಯಾರದ್ದಾದರೂ ಆಗಬಹುದು. ಹಳೆಯ ಹಂಚು ಇದ್ದಾಗ ಮಳೆಗಾಲಗಳನ್ನು ಕಂಡು ಕಪ್ಪಾದ, ಅಲ್ಲಲ್ಲಿ ಬಿರುಕು ಬಿಟ್ಟ ಮುಖ ಕಾಣುತ್ತಿತ್ತು. ಬಿಸಿಲು ನಿಧಾನವಾಗಿ ಹರಡುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಅದೆಲ್ಲ ನಗುವಿಗೂ ಅಂಟಿಕೊಂಡಿತ್ತು. ಸಮಾನಧರ್ಮ ಎಂದು ನಾವು ಬರೆಯುವುದು 'ಹರಡುವುದು' ಒಂದೇ. ಆದರೆ ಉಪಮಾನ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಬಣ್ಣ, ಬಿಸಿ, ವಯಸ್ಸು ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಅದನ್ನು ಎರಡು ವಾಕ್ಯದಲ್ಲಿ ಬರೆದ ಮಗು ವಿಶ್ಲೇಷಣೆ ಮಾಡಿದೆ ಎಂದೇ ಅರ್ಥ. 'ಸುಂದರವಾಗಿ ವರ್ಣಿಸಿದ್ದಾರೆ' ಎಂಬ ಮಾತೇ ಬೇಕಾಗುವುದಿಲ್ಲ.

'ಅಂತೆ' ಕಂಡ ಕಡೆಯೆಲ್ಲ ಉಪಮೆ ಎಂದು ಬರೆಯುವ ಅಭ್ಯಾಸವೂ ಜಾಸ್ತಿ. 'ಅವನು ನಾಳೆ ಬರುವನಂತೆ' ಎಂಬಲ್ಲಿ ಇರುವುದು ಕೇಳಿದ ಸುದ್ದಿ. 'ಅಪ್ಪ ಹೇಳಿದಂತೆ ಮಾಡಿದ' ಎಂಬಲ್ಲಿ ಇರುವುದು ರೀತಿ. ಎರಡರಲ್ಲೂ ಹೋಲಿಕೆ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. 'ತಮ್ಮ ಅಣ್ಣನಂತೆ ಎತ್ತರ' ಎಂಬಲ್ಲಿ ಹೋಲಿಕೆ ಇದೆ, ಆದರೂ ಅಲಂಕಾರ ಇಲ್ಲ. 'ಹಸುವಿನಂತೆ ಕಾಡುಹಸು' ಎಂದರೆ ಅದು ಬರೀ ಮಾಹಿತಿ ಎಂದು ಹಳೆಯ ಅಲಂಕಾರಿಕರೇ ಹೇಳಿಬಿಟ್ಟಿದ್ದಾರೆ. ಎರಡು ಬೇರೆ ಬೇರೆ ಲೋಕದ ವಸ್ತುಗಳು ಅಚಾನಕ್ ಒಂದಾದಾಗ ಮನಸ್ಸಿಗೆ ಸಣ್ಣದೊಂದು ಬೆರಗು ಹುಟ್ಟಬೇಕು. ಆ ಬೆರಗಿಲ್ಲದಿದ್ದರೆ ವಾಚಕ ಪದ ಎಷ್ಟಿದ್ದರೂ ಉಪಮೆ ಆಗದು.

ಇನ್ನು ರೂಪಕ. ಅದೇ ಅಜ್ಜಿಯನ್ನು ಇಟ್ಟುಕೊಳ್ಳೋಣ. 'ಅಜ್ಜಿಯ ನಗೆಬಿಸಿಲು ಅಂಗಳಕ್ಕಿಳಿಯಿತು.' ಇಲ್ಲಿ ನಗು ಬಿಸಿಲಿನ ಹಾಗೆ ಇದೆ ಎನ್ನುತ್ತಿಲ್ಲ. ನಗುವೇ ಬಿಸಿಲು. ಉಪಮೇಯ, ಉಪಮಾನ ಎರಡಕ್ಕೂ ಭೇದವಿಲ್ಲ ಎಂದು ಹೇಳಿದರೆ ರೂಪಕ. ವಾಚಕ ಪದ ಬಿದ್ದುಹೋಯಿತು, ಅಷ್ಟೇ ವ್ಯತ್ಯಾಸ ಎಂದುಕೊಳ್ಳಬೇಡಿ. ಉಪಮೆಯಲ್ಲಿ ಕವಿ ಸ್ವಲ್ಪ ದೂರ ನಿಂತು 'ನೋಡಿ, ಇದು ಅದರಂತಿದೆ' ಎಂದು ತೋರಿಸುತ್ತಾನೆ. ರೂಪಕದಲ್ಲಿ ಆ ದೂರ ಇಲ್ಲ. ಭಾವ ಉಕ್ಕುವ ಕಡೆ ಉಪಮೆಗಿಂತ ರೂಪಕ ಬರುವುದು ಜಾಸ್ತಿ, ಯಾಕೆಂದರೆ ಅಲ್ಲಿ ಹೋಲಿಸಿ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಉತ್ಪ್ರೇಕ್ಷೆ ಎಂದರೆ ಊಹೆ. 'ಅಜ್ಜಿ ನಕ್ಕಳು, ಹಳೆಯ ಹಂಚೊಂದು ಬಿಸಿಲು ಕಾಯಿಸಿಕೊಳ್ಳುತ್ತಿದೆಯೋ ಎಂಬಂತೆ.' ಕಣ್ಣೆದುರಿಗೆ ಇರುವುದನ್ನು ಇಲ್ಲದ ಇನ್ನೊಂದಾಗಿ ಕಲ್ಪಿಸುವುದು ಉತ್ಪ್ರೇಕ್ಷೆಯ ಕೆಲಸ. 'ಎಂಬಂತೆ', 'ಏನೋ ಎನ್ನುವಂತೆ', 'ಓ' ಎಂಬ ಸಂಶಯದ ದನಿ ಅದರ ಗುರುತು. ಉಪಮೆಗೂ ಇದಕ್ಕೂ ಗೊಂದಲವಾದಾಗ ಒಂದು ಉಪಾಯ ಮಾಡಿ. ಉಪಮಾನ ಲೋಕದಲ್ಲಿ ನಿಜವಾಗಿ ಇರುವ, ನಡೆಯುವ ಸಂಗತಿಯೇ ಎಂದು ಕೇಳಿ. ಹಂಚಿನ ಮೇಲೆ ಬಿಸಿಲು ಬೀಳುವುದು ನಿಜ. ಹಂಚು ತಾನಾಗಿ ಬಿಸಿಲು ಕಾಯಿಸಿಕೊಳ್ಳುವುದು ಕವಿಯ ಊಹೆ. ಹೆಚ್ಚಿನ ಕಡೆ ಇಷ್ಟರಲ್ಲೇ ದಾರಿ ಸಿಗುತ್ತದೆ.

ಅತಿಶಯೋಕ್ತಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ತರಗತಿಯಲ್ಲಿ ಸಿಮಿಲಿ, ಮೆಟಫರ್ ಕಲಿತ ಮಕ್ಕಳು ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ ಎಂದು ಜೋಡಿಸಿಕೊಂಡು ಬರುತ್ತಾರೆ. ಮೊದಲನೆಯದು ಹೆಚ್ಚುಕಡಿಮೆ ಸರಿ. ಎರಡನೆಯದು ಅರ್ಧ ಸರಿ. ಸಿಟ್ಟಿನ ಮನುಷ್ಯನೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡಾಗ 'ಅಗೋ, ಹುಲಿ ಬಂತು' ಎಂದರೆ ಇಂಗ್ಲಿಷ್ ಮೇಷ್ಟ್ರು ಅದನ್ನು ಮೆಟಫರ್ ಎನ್ನುತ್ತಾರೆ. ನಮ್ಮ ಅಲಂಕಾರಶಾಸ್ತ್ರ ಅದನ್ನು ರೂಪಕ ಎನ್ನುವುದಿಲ್ಲ. ರೂಪಕಕ್ಕೆ ಉಪಮೇಯ, ಉಪಮಾನ ಎರಡೂ ಮಾತಿನಲ್ಲಿ ಇರಬೇಕು. ಇಲ್ಲಿ ಮನುಷ್ಯನ ಸುದ್ದಿಯೇ ಇಲ್ಲ. ಉಪಮಾನ ಉಪಮೇಯವನ್ನು ನುಂಗಿಬಿಟ್ಟಿದೆ. ಇದಕ್ಕೆ ರೂಪಕಾತಿಶಯೋಕ್ತಿ ಎಂದು ಹೆಸರು. ಅತಿಶಯೋಕ್ತಿ ಎಂದರೆ ಬರೀ ದೊಡ್ಡದು ಮಾಡಿ ಹೇಳುವುದು ಎಂದುಕೊಂಡವರಿಗೆ ಇದು ಗೊತ್ತಿರುವುದಿಲ್ಲ. ಶಾಲೆಯ ಮಟ್ಟದಲ್ಲಿ ಈ ಹೆಸರು ಯಾರೂ ಕೇಳುವುದಿಲ್ಲ, ನಿಜ. ಆದರೆ ಎರಡು ಭಾಷೆಯ ಪಾಠವನ್ನು ಒಂದೇ ಹಗ್ಗಕ್ಕೆ ಕಟ್ಟುವಾಗ ಗಂಟು ಎಲ್ಲಿ ಸಡಿಲ ಎಂದು ತಿಳಿದಿರುವುದು ಒಳ್ಳೆಯದು.

ಅಲಿಟರೇಶನ್ ಮತ್ತು ಅನುಪ್ರಾಸದ ಕಥೆಯೂ ಹೀಗೇ. ಇಂಗ್ಲಿಷಿನಲ್ಲಿ ಮುಖ್ಯವಾಗಿ ಪದದ ಮೊದಲ ದನಿಯನ್ನು ನೋಡುತ್ತಾರೆ. ಅನುಪ್ರಾಸಕ್ಕೆ ಆ ಕಟ್ಟು ಇಲ್ಲ. ವ್ಯಂಜನ ಪದದ ಮೊದಲು, ನಡುವೆ, ಕೊನೆ ಎಲ್ಲಿ ಮರಳಿದರೂ ಸೈ.

ದೃಷ್ಟಾಂತ, ಅರ್ಥಾಂತರನ್ಯಾಸ ಎರಡೂ ಮಕ್ಕಳಿಗೆ ಕಾಟ ಕೊಡುವ ಜೋಡಿ. ಎರಡರಲ್ಲೂ ಎರಡು ವಾಕ್ಯ ಇರುತ್ತವೆ, ನಡುವೆ ವಾಚಕ ಪದ ಇರುವುದಿಲ್ಲ. 'ಹಠಮಾರಿಗೆ ಹೇಳಿದ ಬುದ್ಧಿ ಒಳಗಿಳಿಯದು, ಬಂಡೆಯ ಮೇಲೆ ಸುರಿದ ಮಳೆ ಇಂಗದು.' ಇಲ್ಲಿ ಎರಡೂ ವಾಕ್ಯ ಒಂದೇ ಮಟ್ಟದಲ್ಲಿವೆ. ಹಠಮಾರಿಗೆ ಬಂಡೆ, ಬುದ್ಧಿಗೆ ಮಳೆ, ಒಳಗಿಳಿಯುವುದಕ್ಕೆ ಇಂಗುವುದು. ಒಂದು ಬಿಂಬ, ಇನ್ನೊಂದು ಪ್ರತಿಬಿಂಬ. ಇದು ದೃಷ್ಟಾಂತ. 'ಅವನು ಕೈಲಿದ್ದ ಕೊನೆಯ ತುತ್ತನ್ನೂ ಕೊಟ್ಟ, ಹಸಿವು ಕಂಡವರಿಗೇ ಹಸಿವು ಗೊತ್ತು.' ಇಲ್ಲಿ ಮೊದಲನೆಯದು ಒಬ್ಬನ ಕಥೆ, ಎರಡನೆಯದು ಎಲ್ಲರಿಗೂ ಅನ್ವಯಿಸುವ ಮಾತು. ವಿಶೇಷವನ್ನು ಸಾಮಾನ್ಯದಿಂದ, ಇಲ್ಲವೇ ಸಾಮಾನ್ಯವನ್ನು ವಿಶೇಷದಿಂದ ಸಮರ್ಥಿಸಿದರೆ ಅರ್ಥಾಂತರನ್ಯಾಸ. ಒಂದು ವಾಕ್ಯವನ್ನು ಕಿತ್ತು ಗಾದೆಯ ಹಾಗೆ ಬೇರೆ ಕಡೆ ಬಳಸಬಹುದಾ ಎಂದು ನೋಡಿ. ಬಳಸಬಹುದಾದರೆ ಸಾಧಾರಣವಾಗಿ ಅರ್ಥಾಂತರನ್ಯಾಸವೇ.

ದೀಪಕದಲ್ಲಿ ಒಂದೇ ಕ್ರಿಯಾಪದ ಅಥವಾ ಗುಣ ಹೇಳಬೇಕಾದ ವಸ್ತುವಿಗೂ ಹೋಲಿಕೆಗೆ ತಂದ ವಸ್ತುವಿಗೂ ಸೇರಿ ಬೆಳಕು ಕೊಡುತ್ತದೆ. ಶ್ಲೇಷೆಯಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಹತ್ತುತ್ತವೆ. 'ರಾಜನ ಕರಕ್ಕೆ ಊರೇ ತಲೆಬಾಗಿತು' ಎಂದರೆ ಕೈಗೋ, ತೆರಿಗೆಗೋ? ಎರಡಕ್ಕೂ. ಭಯವೋ ಭಕ್ತಿಯೋ ಎಂದು ಹೇಳದೆಯೇ ಕವಿ ಜಾರಿಕೊಂಡ. ಶ್ಲೇಷೆ ಇದ್ದಾಗ ಎರಡು ಅರ್ಥ ಬರೆದು ಸುಮ್ನೆ ಬಿಡಬೇಡಿ. ಆ ಎರಡು ಅರ್ಥ ಒಟ್ಟಿಗೆ ಬಂದಾಗ ಮೂರನೆಯದೊಂದು ಮಾತು ಹುಟ್ಟುತ್ತದೆ, ಅದನ್ನು ಹಿಡಿಯಿರಿ.

ಅಂದಹಾಗೆ, ಭರತನ ನಾಟ್ಯಶಾಸ್ತ್ರದಲ್ಲಿ ಇರುವುದು ನಾಲ್ಕೇ ಅಲಂಕಾರ: ಉಪಮೆ, ರೂಪಕ, ದೀಪಕ, ಯಮಕ. ಆಮೇಲೆ ಬಂದವರು ಒಡೆದು ಒಡೆದು ನೂರು ದಾಟಿಸಿದರು. ಹೆಸರುಗಳ ಪಟ್ಟಿ ಉದ್ದವಾಯಿತೆಂದು ಹೆದರಬೇಕಾದ್ದಿಲ್ಲ. ಬೇರು ಆ ನಾಲ್ಕರ ಸುತ್ತಮುತ್ತಲೇ ಇದೆ.

ಇದುವರೆಗೆ ಹೇಳಿದ್ದು ಅರ್ಥದ ಆಟ. ದನಿಯ ಆಟವನ್ನು ಶಾಲೆಯಲ್ಲಿ ನಾವು ತೀರಾ ಕಡೆಗಣಿಸುತ್ತೇವೆ. ಒಂದೇ ವ್ಯಂಜನ ಮತ್ತೆ ಮತ್ತೆ ಬಂದರೆ ವೃತ್ತ್ಯನುಪ್ರಾಸ, ಎರಡು ವ್ಯಂಜನಗಳ ಗುಂಪು ಮರಳಿದರೆ ಛೇಕಾನುಪ್ರಾಸ, ಅದೇ ಅಕ್ಷರಗಳು ಬೇರೆ ಅರ್ಥ ಹೊತ್ತು ಮರಳಿದರೆ ಯಮಕ. 'ಅರಸನನ್ನು ಅರಸಿ ಬಂದಳು ಅರಸಿ' ಎಂಬಲ್ಲಿ ಒಂದು 'ಅರಸಿ' ಹುಡುಕಿ, ಇನ್ನೊಂದು ರಾಣಿ. ಇದನ್ನು ಬರೆದು ಮುಂದೆ ಹೋಗುತ್ತಾರೆ. ಆದರೆ ದನಿ ಏನು ಮಾಡಿತು? ಕೆಳಗಿನ ಎರಡು ಸಾಲನ್ನು ಗಟ್ಟಿಯಾಗಿ ಓದಿ ನೋಡಿ.

ಪಟಪಟ ಹನಿ ಇಳೆಗಿಳಿಯಿತು
ಬಾನೇ ಬಿದ್ದಂತಾಯ್ತೇ

ಮೊದಲ ಸಾಲಿನಲ್ಲಿ ಹನ್ನೆರಡು ಅಕ್ಷರ, ಎಲ್ಲ ಲಘು. ಎರಡನೆಯದರಲ್ಲಿ ಆರೇ ಅಕ್ಷರ, ಎಲ್ಲ ಗುರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾಗಿ ಎರಡೂ ಸಾಲಿಗೆ ಹನ್ನೆರಡೇ ಮಾತ್ರೆ, ಓದಲು ಹಿಡಿಯುವ ಹೊತ್ತೂ ಅಷ್ಟೇ. ಆದರೂ ಒಂದು ಚಿಮ್ಮುತ್ತದೆ, ಇನ್ನೊಂದು ಕಾಲೆಳೆಯುತ್ತದೆ. ಲಘು ಗುರು ಎಂಬುದು ಪದ್ಯದ ಮೇಲೆ ಗೀಚುವ ಗುರುತಲ್ಲ, ಪದ್ಯ ಉಸಿರಾಡುವ ರೀತಿ. ಅವಸರ, ತುಂಟತನ, ಓಟ ಇರುವ ಕಡೆ ಲಘುಗಳ ಸಾಲು ಬರುತ್ತದೆ. ಭಾರ, ದುಃಖ, ಗಾಂಭೀರ್ಯ ಇರುವ ಕಡೆ ಗುರುಗಳು ಒತ್ತೊತ್ತಾಗಿ ಕೂರುತ್ತವೆ. ಇದೇ ನಿಯಮ ಎಂದು ಹೇಳುತ್ತಿಲ್ಲ. ಆದರೆ ಪದ್ಯದಲ್ಲಿ ಇದ್ದಕ್ಕಿದ್ದಂತೆ ನಡಿಗೆ ಬದಲಾದರೆ ಅಲ್ಲಿ ಅರ್ಥವೂ ಬದಲಾಗಿದೆಯೇ ಎಂದು ಒಮ್ಮೆ ತಿರುಗಿ ನೋಡಬೇಕು.

ಲಘು ಗುರು ಹಾಕುವಾಗ ಮಕ್ಕಳು ಎಡವುವ ಜಾಗಗಳು ಕೆಲವೇ. ಹ್ರಸ್ವ ಲಘು, ದೀರ್ಘ ಗುರು, ಐ ಮತ್ತು ಔ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು. ಇಲ್ಲಿವರೆಗೆ ತೊಂದರೆ ಇಲ್ಲ. ಒತ್ತಕ್ಷರ ಬಂದಾಗ ಗುರುವಾಗುವುದು ಅದರ ಹಿಂದಿನ ಅಕ್ಷರ. ಒತ್ತಕ್ಷರ ತಾನು ಹ್ರಸ್ವವಾಗಿದ್ದರೆ, ಮುಂದೆ ಇನ್ನೊಂದು ಒತ್ತು ಇಲ್ಲದಿದ್ದರೆ, ಲಘುವೇ. 'ಬೆಟ್ಟ' ಎಂಬಲ್ಲಿ 'ಬೆ' ಗುರು, 'ಟ್ಟ' ಲಘು. ಅರ್ಕಾವತ್ತು ಬಂದಾಗ ಇನ್ನಷ್ಟು ಗಲಿಬಿಲಿ. 'ಧರ್ಮ' ಎಂಬಲ್ಲಿ ಆ ಕೊಂಡಿ 'ಮ'ದ ಪಕ್ಕದಲ್ಲಿದೆ ಎಂದು 'ಮ'ವನ್ನು ಗುರು ಮಾಡುತ್ತಾರೆ. ಬಾಯಲ್ಲಿ ಹೇಳಿ ನೋಡಿದರೆ ಗೊತ್ತಾಗುತ್ತದೆ, ಒತ್ತು ಬೀಳುವುದು 'ಧ' ಮೇಲೆ. ಕಣ್ಣು ಮೋಸ ಮಾಡಬಹುದು, ಕಿವಿ ಮಾಡುವುದಿಲ್ಲ.

ಮಾತ್ರಾಗಣ ಎಂದರೆ ಮಾತ್ರೆ ಎಣಿಸಿ ಮಾಡಿದ ಗುಂಪು. ಅದರ ಮಾದರಿಗೆ ಆರು ಸಾಲಿನ ಭಾಮಿನಿ ಷಟ್ಪದಿಯ ಅರ್ಧ ಪದ್ಯವನ್ನು ನೋಡೋಣ. ಕಟ್ಟಿದ್ದು ನಾನೇ, ಹಾಗಾಗಿ ಕಾವ್ಯಗುಣ ಹುಡುಕಬೇಡಿ, ಲೆಕ್ಕ ನೋಡಿ:

ಹೊಳೆಯ ದಡದಲಿ ಮರದ ಬುಡದಲಿ
ಕುಳಿತು ಹಾಡುವ ಮುದುಕನೊಬ್ಬನು
ಬೆಳಕು ಹರಿಯುವ ತನಕ ಬಿಚ್ಚಿದ ಹಳೆಯ ನೆನಪುಗಳ

'ಹೊಳೆಯ' ಮೂರು, 'ದಡದಲಿ' ನಾಲ್ಕು, 'ಮರದ' ಮೂರು, 'ಬುಡದಲಿ' ನಾಲ್ಕು. ಒಟ್ಟು 14 ಮಾತ್ರೆ. ಎರಡನೇ ಸಾಲಿನಲ್ಲೂ ಮೂರು, ನಾಲ್ಕು, ಮೂರು, ನಾಲ್ಕು. 'ಮುದುಕನೊಬ್ಬನು' ಎಂಬ ಒಂದೇ ಪದ ಎರಡು ಗಣಕ್ಕೆ ಹಂಚಿಹೋಗಿದೆ: 'ಮುದುಕ', 'ನೊಬ್ಬನು'. ಗಣ ಪದದ ಗಡಿಯನ್ನು ಕೇಳುವುದಿಲ್ಲ, ಇದನ್ನು ನೆನಪಿಡಿ. ಮೂರನೇ ಸಾಲಿನಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು. 21 ಮತ್ತು 2, ಒಟ್ಟು 23. ಕೊನೆಯ 'ಳ' ನೋಡಲು ಲಘು. ಷಟ್ಪದಿಯ ಮೂರನೇ ಮತ್ತು ಆರನೇ ಸಾಲಿನ ಕೊನೆಯ ಅಕ್ಷರವನ್ನು ಗುರು ಎಂದೇ ಎಣಿಸಬೇಕು. ಈ ಒಂದು ಗುರುತಿನಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. ಇಂಥ ಎರಡು ಅರ್ಧ ಸೇರಿದರೆ ಪೂರ್ತಿ ಪದ್ಯ, 102 ಮಾತ್ರೆ.

ಲೆಕ್ಕ ಮುಗಿದ ಮೇಲೆ ಓದಿ. ಮೂರು ನಾಲ್ಕು, ಮೂರು ನಾಲ್ಕು ಎಂದು ತೂಗುವ ನಡಿಗೆ ಕೇಳಿಸುತ್ತದೆ. ಎರಡು ಸಾಲು ಹೀಗೆ ತೂಗಿ, ಮೂರನೆಯದರಲ್ಲಿ ಮಾತು ಉದ್ದಕ್ಕೆ ಚಾಚಿ, ಕೊನೆಯ ಗುರುವಿನ ಮೇಲೆ ನಿಲ್ಲುತ್ತದೆ. ಕಥೆ ಹೇಳಲು ಇದಕ್ಕಿಂತ ಹದವಾದ ನಡೆ ಸಿಗುವುದು ಕಷ್ಟ. ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳ ಕಥೆಯನ್ನು ಭಾಮಿನಿಯಲ್ಲಿ ಹೇಳಿದ. ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳು ಇಂದಿಗೂ ಅದನ್ನು ಹಾಡುತ್ತಾರೆ. ಅದೇ ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಯ ಗಣ, ಸಣ್ಣ ಸಾಲಿಗೆ 20, ದೊಡ್ಡ ಸಾಲಿಗೆ 32 ಮಾತ್ರೆ. ನಡೆಯೇ ಬೇರೆ, ಗಂಭೀರ. ರಾಘವಾಂಕ, ಲಕ್ಷ್ಮೀಶರ ಕೈಯಲ್ಲಿ ಅದು ಪಳಗಿತು. ಶರ, ಕುಸುಮ, ಭೋಗ, ಪರಿವರ್ಧಿನಿ ಎಂಬ ಉಳಿದ ನಾಲ್ಕಕ್ಕೂ ಅಸ್ಥಿಪಂಜರ ಇದೇ, ಗಣದ ಅಳತೆ ಮಾತ್ರ ಬೇರೆ.

ಮೂರು ಮೂರು ಅಕ್ಷರದ ಗುಂಪಾದ ಅಕ್ಷರಗಣಕ್ಕೆ 'ಯಮಾತಾರಾಜಭಾನಸಲಗಂ' ಸಾಕು. ಯಾವ ಗಣ ಬೇಕೋ ಆ ಅಕ್ಷರದಿಂದ ಮೂರು ಅಕ್ಷರ ತೆಗೆದುಕೊಳ್ಳಿ. 'ಯಮಾತಾ' ಎಂದರೆ ಲಘು ಗುರು ಗುರು, ಅದೇ ಯಗಣ. ಖ್ಯಾತ ಕರ್ನಾಟಕ ವೃತ್ತಗಳು ಆರು ಎಂದು ಕೇಳಿದ ಕೂಡಲೇ ಮಕ್ಕಳ ಮುಖ ಸಣ್ಣದಾಗುತ್ತದೆ. ಅವನ್ನು ಆರು ಎಂದು ಕಲಿಯಬೇಡಿ, ಮೂರು ಜೋಡಿ ಎಂದು ಕಲಿಯಿರಿ. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಚಂಪಕಮಾಲೆ. 20 ಅಕ್ಷರ 21 ಆಯಿತು, ಉಳಿದದ್ದೆಲ್ಲ ಹಾಗೇ. ಶಾರ್ದೂಲವಿಕ್ರೀಡಿತದ ಮೊದಲ ಗುರುವನ್ನು ಒಡೆದರೆ ಮತ್ತೇಭವಿಕ್ರೀಡಿತ, 19 ಇದ್ದದ್ದು 20. ಸ್ರಗ್ಧರೆಯನ್ನು ಒಡೆದರೆ ಮಹಾಸ್ರಗ್ಧರೆ, 21 ಇದ್ದದ್ದು 22. ಪರೀಕ್ಷೆಯಲ್ಲಿ ಒಂದು ಸಾಲಿನ ಅಕ್ಷರ ಎಣಿಸಿ. 19 ಬಂದರೆ ಶಾರ್ದೂಲ, 22 ಬಂದರೆ ಮಹಾಸ್ರಗ್ಧರೆ. 20 ಬಂದರೆ ಮೊದಲ ಅಕ್ಷರ ನೋಡಿ. ಗುರುವಾದರೆ ಉತ್ಪಲ, ಲಘುವಾದರೆ ಮತ್ತೇಭ. 21 ಬಂದು ಮೊದಲನೆಯದು ಗುರುವಾದರೆ ಸ್ರಗ್ಧರೆ, ಲಘುವಾದರೆ ಚಂಪಕ. ಆಮೇಲೆ ಪ್ರಸ್ತಾರ, ಅಂದರೆ ಲಘು ಗುರು ಗುರುತು, ಹಾಕಿ ಖಚಿತ ಮಾಡಿಕೊಳ್ಳಿ.

ಮೇಲಿನ ಮೂರು ಸಾಲಿನಲ್ಲಿ ಇನ್ನೊಂದು ಸಂಗತಿ ಇದೆ. ಹೊಳೆಯ, ಕುಳಿತು, ಬೆಳಕು. ಮೂರರಲ್ಲೂ ಎರಡನೇ ಅಕ್ಷರದ ವ್ಯಂಜನ ಳ. ಇದು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ. ಪ್ರಾಸ ಎಂದರೆ ಸಾಲಿನ ಕೊನೆಯಲ್ಲಿ ಬರುವುದು ಎಂದೇ ಈಗಿನ ಮಕ್ಕಳು ತಿಳಿದಿರುತ್ತಾರೆ. ಕನ್ನಡದ ಹಳೆಯ ಕಾವ್ಯದಲ್ಲಿ ಅದರ ಮುಖ್ಯ ಜಾಗ ಸಾಲಿನ ಆರಂಭ. ನಾಗವರ್ಮನ ಛಂದೋಂಬುಧಿ ಇದರಲ್ಲಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆ ಹೇಳುತ್ತದೆ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ಹೀಗೆ. ನಮ್ಮ ಮೂರು ಸಾಲಿನದ್ದು ಸಿಂಹಪ್ರಾಸ. ಶತಮಾನಗಳ ಕಾಲ ಈ ನಿಯಮ ಕನ್ನಡ ಪದ್ಯವನ್ನು ಬಿಗಿಯಾಗಿ ಹಿಡಿದಿತ್ತು. 1911ರಲ್ಲಿ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದಾಗ ದೊಡ್ಡ ಚರ್ಚೆಯೇ ಆಯಿತು. ಈಗ ಪ್ರಾಸವಿಲ್ಲದ ಪದ್ಯ ನಮಗೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಆದರೆ ಹಳೆಗನ್ನಡ ಪದ್ಯ ಓದುವಾಗ ಕವಿ ಯಾಕೆ ಈ ಅಪರೂಪದ ಪದ ಹಾಕಿದ ಎಂಬ ಪ್ರಶ್ನೆಗೆ ಎಷ್ಟೋ ಸಲ ಪ್ರಾಸವೇ ಉತ್ತರ. ದೊಡ್ಡ ಕವಿಗಳಲ್ಲಿ ಪ್ರಾಸಕ್ಕಾಗಿ ಬಂದ ಪದವೇ ಅರ್ಥವನ್ನೂ ಮೇಲೆತ್ತುತ್ತದೆ. ಸಣ್ಣವರಲ್ಲಿ ಪದ ಸುಮ್ನೆ ಜಾಗ ತುಂಬಿಸುತ್ತದೆ. ಈ ತಾರತಮ್ಯ ಮಾಡುವ ಧೈರ್ಯ ವಿದ್ಯಾರ್ಥಿಗೂ ಇರಬೇಕು. ಪಠ್ಯಪುಸ್ತಕದಲ್ಲಿ ಇದೆ ಎಂದ ಮಾತ್ರಕ್ಕೆ ಪ್ರತಿ ಸಾಲನ್ನೂ ಹೊಗಳಬೇಕೆಂದಿಲ್ಲ.

ಹೊಸಗನ್ನಡ ಪದ್ಯಕ್ಕೆ ಬಂದರೆ ಹಳೆಯ ಪಟ್ಟಿ ಸಾಲದು. ಸಾನೆಟ್ ಎಂದರೆ 14 ಸಾಲು. ಎಂಟು ಮತ್ತು ಆರಾಗಿ ಒಡೆದಿದ್ದರೆ ಒಂಬತ್ತನೇ ಸಾಲಿನ ಹತ್ತಿರ ಯೋಚನೆ ತಿರುಗುವುದು ರೂಢಿ, ಆ ತಿರುವನ್ನು ಹುಡುಕಿ. ಸರಳ ರಗಳೆಯಲ್ಲಿ ಐದೈದು ಮಾತ್ರೆಯ ನಡೆ ಇದೆ, ಅಂತ್ಯಪ್ರಾಸ ಇಲ್ಲ, ಅರ್ಥ ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಮುಕ್ತಛಂದದಲ್ಲಿ ಗಣವೂ ಇಲ್ಲ. ಹಾಗಾದರೆ ಗಮನಿಸಲು ಏನು ಉಳಿಯಿತು? ಬೇಕಾದಷ್ಟಿದೆ. ಕವಿ ಸಾಲನ್ನು ಎಲ್ಲಿ ಮುರಿದ ಎಂದು ನೋಡಿ. 'ಅವನು ಬರಲಿಲ್ಲ' ಎಂದು ಒಂದೇ ಸಾಲಿನಲ್ಲಿ ಬರೆದರೆ ಸುದ್ದಿ. 'ಅವನು' ಎಂದು ಬರೆದು, ಒಂದು ಸಾಲು ಬಿಟ್ಟು 'ಬರಲಿಲ್ಲ' ಎಂದರೆ ಆ ಬಿಟ್ಟ ಸಾಲು ಕಾಯುವಿಕೆ. ಆಮೇಲೆ ಪ್ರತಿಮೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಇವುಗಳಿಗೆ ಸಿಗುವಂತೆ ಮಾತಿನಲ್ಲಿ ಕಟ್ಟಿದ್ದು ಪ್ರತಿಮೆ. ಪ್ರತಿಮೆಯೊಂದು ಪದ್ಯದಲ್ಲಿ ಮತ್ತೆ ಮತ್ತೆ ಬಂದು ತನಗಿಂತ ದೊಡ್ಡದನ್ನು ಸೂಚಿಸತೊಡಗಿದರೆ ಅದು ಸಂಕೇತವಾಗುತ್ತದೆ. ಒಂದು ಎಚ್ಚರಿಕೆ: ಸಂಕೇತದ ಹುಚ್ಚು ಹತ್ತಿದರೆ ಮಕ್ಕಳು ಹಕ್ಕಿ ಕಂಡ ಕಡೆಯೆಲ್ಲ ಸ್ವಾತಂತ್ರ್ಯ ಎಂದು, ದೀಪ ಕಂಡ ಕಡೆಯೆಲ್ಲ ಜ್ಞಾನ ಎಂದು ಬರೆಯುತ್ತಾರೆ. ಹಕ್ಕಿ ಬರೀ ಹಕ್ಕಿಯೂ ಆಗಿರಬಹುದು. ಸಂಕೇತ ಎನ್ನಬೇಕಾದರೆ ಪದ್ಯದೊಳಗೇ ಆಧಾರ ತೋರಿಸಿ.

'ಕವಿ ಹೇಳುತ್ತಾರೆ' ಎಂದು ಶುರು ಮಾಡುವ ಮುನ್ನವೂ ಒಂದು ಕ್ಷಣ ತಡೆಯಿರಿ. ಪದ್ಯದಲ್ಲಿ 'ನಾನು' ಎನ್ನುತ್ತಿರುವುದು ಕವಿಯೇ ಆಗಬೇಕಿಲ್ಲ. ಅದು ಪಾತ್ರ ಇರಬಹುದು, ಮಗು ಇರಬಹುದು, ಮರ ಇರಬಹುದು. ಜಂಬದ ಮನುಷ್ಯನೊಬ್ಬನ ಬಾಯಲ್ಲಿ ಕವಿ ಹಾಕಿದ ಮಾತನ್ನು ಕವಿಯ ಅಭಿಪ್ರಾಯ ಎಂದು ಬರೆದರೆ ಪದ್ಯದ ವ್ಯಂಗ್ಯವೆಲ್ಲ ನೀರುಪಾಲು. 'ಪದ್ಯದ ದನಿ' ಅಥವಾ 'ನಿರೂಪಕ' ಎಂದು ಬರೆಯುವುದು ಕ್ಷೇಮ.

ಧ್ವನಿಯ ಮಾತಿಗೆ ಬರೋಣ. 9ನೇ ಶತಮಾನದಲ್ಲಿ ಆನಂದವರ್ಧನ ಧ್ವನ್ಯಾಲೋಕದಲ್ಲಿ ಕಾವ್ಯದ ಜೀವ ಇರುವುದು ಧ್ವನಿಯಲ್ಲಿ ಎಂದ. ಶಾಲೆಯ 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ಕೇಳುವುದು ಬಹುಪಾಲು ಇದನ್ನೇ. ಪದದ ನೇರ ಅರ್ಥ ವಾಚ್ಯ. ನೇರ ಅರ್ಥ ಹೊಂದದಿದ್ದಾಗ ಹಿಡಿಯುವ ಪಕ್ಕದ ಅರ್ಥ ಲಕ್ಷ್ಯ. 'ಗಂಗೆಯಲ್ಲಿ ಹಳ್ಳಿ' ಎಂದರೆ ನೀರಿನೊಳಗೆ ಅಲ್ಲ, ದಡದಲ್ಲಿ. ಆದರೆ 'ದಡದಲ್ಲಿ' ಎನ್ನದೆ 'ಗಂಗೆಯಲ್ಲಿ' ಎಂದದ್ದರಿಂದ ತಂಪು, ಪಾವಿತ್ರ್ಯ ಹೊಳೆದವು. ಆ ಹೊಳೆದದ್ದು ವ್ಯಂಗ್ಯಾರ್ಥ, ಅದೇ ಧ್ವನಿ.

ಪದ್ಯವೊಂದರಲ್ಲಿ ಜಗಳ ಮಾಡಿಕೊಂಡು ಮನೆ ಬಿಟ್ಟ ಮಗನಿದ್ದಾನೆ ಎಂದುಕೊಳ್ಳಿ. ಹೊತ್ತು ಮೀರಿದೆ. ತಾಯಿ ಯಾರಿಗೋ ಎಂಬಂತೆ ಹೇಳುತ್ತಾಳೆ: 'ಬಾಗಿಲಿಗೆ ಅಗುಳಿ ಹಾಕಿಲ್ಲ.' ಸಾಧಾರಣ ಉತ್ತರ ಹೀಗಿರುತ್ತದೆ: 'ಈ ಮಾತನ್ನು ತಾಯಿ ಹೇಳಿದ್ದಾಳೆ. ಬಾಗಿಲು ತೆರೆದಿದೆ ಎಂಬುದು ಸ್ವಾರಸ್ಯ. ತಾಯಿಯ ಪ್ರೀತಿ ದೊಡ್ಡದು.' ಇದರಲ್ಲಿ ತಪ್ಪಿಲ್ಲ, ಸತ್ವವೂ ಇಲ್ಲ. ಬದಲಿಸಿ ನೋಡಿ. ತಾಯಿ 'ಮಗನೇ, ನಿನ್ನನ್ನು ಕ್ಷಮಿಸಿದ್ದೇನೆ, ಬಾ' ಎಂದಿದ್ದರೆ? ಆಗ ಮಗ ಸೋತಂತೆ, ತಾಯಿ ಗೆದ್ದಂತೆ. 'ಅಗುಳಿ ಹಾಕಿಲ್ಲ' ಎಂದಾಗ ಯಾರೂ ಸೋಲುವುದಿಲ್ಲ. ಕ್ಷಮೆ ಎಂಬ ಪದ ಎತ್ತದೆಯೇ ಕ್ಷಮಿಸಿದ್ದಾಳೆ. ಕರೆಯದೆಯೇ ಕರೆದಿದ್ದಾಳೆ. ಬಾಗಿಲು ತಳ್ಳುವ ಕೆಲಸ ಮಾತ್ರ ಅವನದ್ದು. ಇಷ್ಟು ಬರೆಯಲು ಆರು ಸಾಲು ಸಾಕು, ಯಾವ ಶಾಸ್ತ್ರದ ಹೆಸರೂ ಬೇಕಿಲ್ಲ. ಹೆಸರು ಗೊತ್ತಿದ್ದರೆ 'ಇಲ್ಲಿ ವಾಚ್ಯಕ್ಕಿಂತ ಧ್ವನಿ ಮುಖ್ಯವಾಗಿದೆ' ಎಂದು ಒಂದು ವಾಕ್ಯ ಸೇರಿಸಿ.

ರಸದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ಭರತ ಹೇಳಿದ್ದು ಎಂಟು, ಶಾಂತ ಸೇರಿ ನವರಸ. ಪದ್ಯದಲ್ಲಿ ಯಾರೋ ಅತ್ತ ಮಾತ್ರಕ್ಕೆ ಕರುಣರಸ ಎಂದು ಬರೆಯಬೇಡಿ. ಪಾತ್ರದ ಭಾವ ಬೇರೆ, ಓದುಗನಲ್ಲಿ ಹುಟ್ಟುವ ರಸ ಬೇರೆ. ಕಳ್ಳ ಸಿಕ್ಕಿಬಿದ್ದು ಗೊಳೋ ಎಂದು ಅತ್ತರೆ ನಮಗೆ ಬರುವುದು ನಗು.

ಒಂದೇ ಸಾಲಿನಲ್ಲಿ ಎರಡು ಅಲಂಕಾರ ಕಂಡರೆ ಯಾವುದನ್ನು ಬರೆಯಬೇಕು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇದು ಒಳ್ಳೆಯ ಪ್ರಶ್ನೆ, ಹಳೆಯವರೂ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. ಅಲಂಕಾರಗಳು ಬೇರೆ ಬೇರೆಯಾಗಿ ಕಾಣುವಂತೆ ಒಂದೆಡೆ ಇದ್ದರೆ ಸಂಸೃಷ್ಟಿ, ಬಿಡಿಸಲಾಗದಂತೆ ಬೆರೆತಿದ್ದರೆ ಸಂಕರ ಎಂದು ಹೆಸರನ್ನೂ ಇಟ್ಟಿದ್ದಾರೆ. ಪರೀಕ್ಷೆಯಲ್ಲಿ 'ಅಲಂಕಾರ ಹೆಸರಿಸಿ' ಎಂದು ಒಂದನ್ನೇ ಕೇಳಿದ್ದರೆ, ಯಾವುದನ್ನು ತೆಗೆದರೆ ಸಾಲು ಕುಸಿಯುತ್ತದೋ ಅದನ್ನು ಬರೆಯಿರಿ. ಅನುಪ್ರಾಸವೂ ರೂಪಕವೂ ಇದ್ದು, ಪದಗಳನ್ನು ಬದಲಿಸಿದ ಮೇಲೂ ಅರ್ಥದ ಬೆರಗು ಉಳಿದರೆ ಅಲ್ಲಿ ರೂಪಕ ಮುಖ್ಯ. ಪದ ಬದಲಿಸಿದ ಕೂಡಲೇ ಸಾಲು ಸಪ್ಪೆಯಾದರೆ ಅನುಪ್ರಾಸವೇ ಮುಖ್ಯ. ವಿಶ್ಲೇಷಣೆ ಬರೆಯುವಾಗ ಎರಡನ್ನೂ ಹೇಳಿ, ಒಂದು ಇನ್ನೊಂದಕ್ಕೆ ಹೇಗೆ ಕೈಜೋಡಿಸಿದೆ ಎಂದು ಒಂದು ವಾಕ್ಯದಲ್ಲಿ ತೋರಿಸಿ.